ರಕ್ತ ತಿನ್ನಬಾರದಂತೆ

ಗುರುವಾರ, ರಾತ್ರಿ

ಆಪರೇಷನ್ ಆದ ಅಕ್ಕನಿಗೆ ರಕ್ತ ಕೊಡಲೇಬೇಕು ಅಂದರು ಡಾಕ್ಟರು. ನಾನು ಆಗಲೇ ಅಂಗಿ ತೋಳು ಮಡಚಿ ನಿಂತಿದ್ದೆ. ನಮ್ಮ ಭಾವನವರು ಧರ್ಮಗ್ರಂಥ ಬಿಚ್ಚಿದರು. "ರಕ್ತ ತಿನ್ನಬಾರದು ಅಂತ ದೇವರೇ ಹೇಳಿದಾನೆ. ಏರಿಸೋದೂ ಬೇಡ." ಮಹಾಪಂಡಿತರು! ತಿನ್ನು ಅಂದವರು ಯಾರು? ಸೂಜಿಯಲ್ಲಿ ಊಟ ಬಡಿಸುತ್ತಾರಾ? ಆ ಮಾತು ಮಾಂಸ ಕಡಿಯುವ ನನ್ನಂಥವನಿಗೆ ಹೇಳಿದ್ದು, ಡಾಕ್ಟರಿಗಲ್ಲ. ಭಾನುವಾರ ಬಂತೆಂದರೆ ಇದೇ ಭಾವ ನನ್ನ ಅಂಗಡಿಯಲ್ಲಿ ರಕ್ತ ತುಂಬಿದ ಲಿವರ್ ಕೇಳಿ ಕಟ್ಟಿಸಿಕೊಳ್ಳುತ್ತಾರೆ. ಅವತ್ತು ದೇವರಿಗೆ ರಜೆ. ಹೆಂಡತಿಯ ಜೀವದ ಮಾತು ಬಂದಾಗ ಮಾತ್ರ ಶಾಸ್ತ್ರ!

ಬಾಯಿಗೆ ಬಂದಂತೆ ಬೈದೆ. ಅಕ್ಕ ಕಣ್ಣು ಬಿಟ್ಟಳು.

"ಅವರನ್ನ ಬೈಬೇಡ್ವೋ. ಅದನ್ನ ಅವರಿಗೆ ಓದಿ ಹೇಳಿಕೊಟ್ಟಿದ್ದೇ ನಾನು. ನಂಗೆ ಬೇಡ ಕಣೋ."

ಮನೆಗೆ ಬಂದು ಎಷ್ಟೋ ಹೊತ್ತಾಯಿತು. ಮಡಚಿದ ತೋಳು ಇನ್ನೂ ಇಳಿಸಿಲ್ಲ.