ಗಾಜಿನ ಕೊಳವೆ

ಮಾರ್ಚ್ ೧೪, ಶನಿವಾರ

ಮನೆಯ ಅಕ್ವೇರಿಯಂಗೆ ಹೊಸದಾಗಿ ತಂದ ಕಪ್ಪು ಚೂರಿ ಮೀನಿಗೆ ಜೊತೆ ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಒಂಟಿಯಾಗಿದ್ದರೆ ಬೇಸರವಾದೀತೆಂದು ಅದೇ ಜಾತಿಯ ಇನ್ನೊಂದನ್ನು ಕೇಳಿದ್ದಕ್ಕೆ ಅಂಗಡಿಯವನು ಒಪ್ಪಲಿಲ್ಲ. "ಇವು ಮೈಯಿಂದ ಸಣ್ಣಗೆ ಕರೆಂಟ್ ಬಿಟ್ಟು ಅದರಲ್ಲೇ ದಾರಿ ನೋಡ್ಕೊಳ್ತವೆ ಮೇಡಂ. ಎರಡಿದ್ರೆ ಕಿತ್ತಾಡ್ತವೆ." ಮತ್ತೆ ಯಾವುದು? "ಇದರ ಬಾಯಿಗೆ ಸಿಗದಷ್ಟು ದೊಡ್ಡದಿರ್ಬೇಕು, ಬಾಲ ಕಚ್ಚದಷ್ಟು ಸಾಧು ಇರ್ಬೇಕು." ನಮ್ಮ ಮನೆಯಲ್ಲಿ ಅಂಥವರು ಯಾರಿದ್ದಾರೆ ಎಂದು ಯೋಚಿಸಿ ನಗು ಬಂತು. ತಟ್ಟೆಯಂತಹ ಡಿಸ್ಕಸ್ ಮೀನು ಆಗಬಹುದೇನೋ.

ಮೀನು ಅಡಗಲು ಅವನು ಕೊಟ್ಟದ್ದು ಗಾಜಿನ ಕೊಳವೆ. ಎಲ್ಲ ಕಾಣುವಲ್ಲಿ ಅಡಗುವುದು ಹೇಗೆ? ಆದರೆ ಅದು ಹಿಮ್ಮುಖವಾಗಿ ನುಸುಳಿ ನಿರಾಳವಾಗಿ ಮಲಗಿತು. ಸುತ್ತ ಗೋಡೆಯಿದೆ ಎಂದು ಮೈಗೆ ತಿಳಿದರೆ ಅದಕ್ಕೆ ಸಾಕಂತೆ. ಅಮ್ಮ ಅಕ್ವೇರಿಯಂನ ಗಾಜು ತಟ್ಟಿ ತಟ್ಟಿ ಅದನ್ನು ಮಾತಾಡಿಸಿದಳು. ಯಾರನ್ನೂ ಸುಮ್ಮನೆ ಬಿಡುವವಳಲ್ಲ.

ಗಂಡನನ್ನು ಬಿಟ್ಟು ಬಂದಿರುವ ತಂಗಿ ಊಟವಾದ ಮೇಲೆ ಇವತ್ತೂ ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡಳು. ನಮಗೆ ಬೆನ್ನು ಹಾಕಿ ನಿಂತಳು. ಭುಜ ಅಲುಗುತ್ತಿತ್ತು. ವಿಚಾರಿಸಲೆಂದು ಅಮ್ಮ ಎದ್ದಳು. ನಾನು ಕೈ ಹಿಡಿದು ಕೂರಿಸಿದೆ.

"ಅಳೋದು ಕಾಣಿಸ್ತಾ ಇದೆಯಲ್ಲೇ."

"ಕಾಣಿಸ್ತಿದೆ ಅಂತ ಅವಳಿಗೆ ಗೊತ್ತಿಲ್ಲಮ್ಮ."

ಅಮ್ಮ ಕೊಳವೆಯನ್ನೇ ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಹಾಲ್‌ನ ದೀಪ ಆರಿಸಿದಳು. "ಕತ್ತಲಾದ್ರೆ ಅದಾಗೇ ಹೊರಗೆ ಬರುತ್ತೆ ಅಂದಿದ್ನಲ್ಲ ಅಂಗಡಿಯವನು" ಅಂದಳು. ಬಾಲ್ಕನಿಗೆ ಬೆನ್ನು ಹಾಕಿ ಇಬ್ಬರೂ ಮೀನಿಗಾಗಿ ಕಾದು ಕೂತೆವು.