ಸಕ್ಕರೆ ತಿಂದು ಬಂದ ಶನಿವಾರ

ಸಿರುಗುಪ್ಪ
20-11-2024, ಬುಧವಾರ

ನನ್ನ ಮಗಳು ಅನಿತಾಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯವ್ವಾ? ಹೋದ ತಿಂಗಳು ಡ್ಯೂಟಿಯಲ್ಲಿ ಮೊಣಕಾಲು ಉಳುಕಿತು ಅಂದಿದ್ದೆ, ಬಾವು ಇಳಿಯಿತೇ? ಛತ್ತೀಸಗಡದ ಕಾಡಿನಲ್ಲಿ ಈಗ ಚಳಿ ಇರಬೇಕು. ಸಿಆರ್‌ಪಿಎಫ್‌ನವರು ಕೊಟ್ಟ ಸ್ವೆಟರನ್ನು ಪೆಟ್ಟಿಗೆಯಲ್ಲಿ ಇಡಬೇಡ, ಮೈಮೇಲೆ ಹಾಕಿಕೋ. ನಿಮ್ಮವ್ವ ಪಾರಮ್ಮ ಶೇಂಗಾ ಉಂಡಿ ಕಟ್ಟಿದ್ದಾಳೆ. ನಿನ್ನ ಗಂಡ ಹುಲಿಗೇಶ್ ಭತ್ತ ಕೊಯ್ಯುವ ಮಷೀನಿನ ಜೊತೆ ಮಾನ್ವಿ ಕಡೆ ಹೋದವನು ಇನ್ನೂ ಬಂದಿಲ್ಲ. ಇಷ್ಟನ್ನು ಭಾನುವಾರ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಮಾಡಿದಾಗ ನಿನ್ನ ಮಗಳು ಶಶಿರೇಖಾ ಪಕ್ಕದಲ್ಲೇ ಕೂತಿರುತ್ತಾಳೆ, ನಾನು ಬಾಯಿ ತೆರೆದರೆ ಪಂಚೆ ಹಿಡಿದು ಜಗ್ಗುತ್ತಾಳೆ. ಅದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವನ ಅಕ್ಷರ, ನಿಧಾನ ಓದು.

ಹದಿನೈದು ದಿನದ ಹಿಂದೆ ನಿಮ್ಮವ್ವ ಶಶಿಗೆ ತಲೆ ಬಾಚಲು ಕೂತಳು. ಒಂದು ಜಡೆ ಸೊಂಟದವರೆಗೆ ಇದೆ, ಇನ್ನೊಂದು ಭುಜಕ್ಕೇ ಮುಗಿದಿದೆ. ಕೇಳಿದರೆ ಕತ್ತರಿ ತಾಕಿತು ಅಂದಳು. ಮೊಳದುದ್ದ ಜಡೆ ಕತ್ತರಿ ತಾಕಿ ಹೋಗುತ್ತದೇನು? ಗದರಿದೆ. ಆಮೇಲೆ ಅತ್ತು ಹೇಳಿದಳು. ಸಾಲಿ ವ್ಯಾನಿನಲ್ಲಿ ಹತ್ತನೇ ಕ್ಲಾಸಿನ ಇಬ್ಬರು ಹುಡುಗಿಯರಿದ್ದಾರೆ. ಜೂನ್‌ನಿಂದ ಅವರ ಬ್ಯಾಗು ಇವಳೇ ಹೊರಬೇಕು, ಕಿಟಕಿ ಸೀಟು ಬಿಡಬೇಕು. ಪೋಷಕರ ಮೀಟಿಂಗಿಗೆ ನೀನು ಬರುವುದಿಲ್ಲವಲ್ಲ, "ನಿಮ್ಮವ್ವ ಬಂದೂಕ ಹಿಡಕಂಡು ಬರ್ತಾಳೇನಲೇ?" ಎಂದು ದಿನಾ ನಗುವುದು. ಒಂದು ದಿನ ಇವಳು "ಹೂಂ, ಬರ್ತಾಳ" ಅಂದಿದ್ದಾಳೆ. ಅಷ್ಟಕ್ಕೇ ಒಬ್ಬಳು ಕೈ ಹಿಡಿದಳು, ಇನ್ನೊಬ್ಬಳು ಕತ್ತರಿಸಿದಳು. ವ್ಯಾನಿನಲ್ಲಿ ಹದಿನಾಲ್ಕು ಮಕ್ಕಳು, ಒಂದೂ ಬಾಯಿ ಬಿಡಲಿಲ್ಲ. ಕೊಯ್ದ ಜಡೆಯನ್ನು ರಿಬ್ಬನ್ ಸಮೇತ ಬ್ಯಾಗಿನ ತಳದಲ್ಲಿ ಇಟ್ಟುಕೊಂಡಿದ್ದಳು. "ಅವ್ವಗ ಹೇಳಬ್ಯಾಡ ತಾತಾ, ನೌಕರಿ ಬಿಟ್ಟು ಬಂದ್ಬಿಡ್ತಾಳ" ಅಂದಳು.

ಆ ಜಡೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಸಾಲಿಗೆ ಹೋಗಿ ಹೆಡ್‌ಮಾಸ್ತರ ಪ್ರಾಣೇಶ ಅವರ ಮೇಜಿನ ಮೇಲೆ ಒಗೆದೆ. ನನ್ನ ಬಾಯಿ ನಿನಗೆ ಗೊತ್ತಲ್ಲ. "ಕುಂದರ್ರಿ ಯಜಮಾನ್ರ, ಚಾ ಕುಡೀರಿ, ಬರದು ಕೊಡ್ರಿ" ಅಂದರು. ಶಶಿಯೇ ಎರಡು ಪುಟ ಬರೆದಳು, ಆ ಹುಡುಗಿಯರ ಹೆಸರು ಹಾಕಿ. ಹೋದ ಶನಿವಾರ ಕರೆಸಿದರು. ಕತ್ತರಿಸಿದ ಹುಡುಗಿಯ ಅಪ್ಪ ರೈಸ್‌ಮಿಲ್ಲಿನ ದೊಡ್ಡಬಸವರಾಜ, ಸಾಲಿ ಕಮಿಟಿಯವನು. "ಹುಡುಗಿ ತಪ್ಪು ಮಾಡ್ಯಾಳ, ನೀವು ಹಿರ್ಯಾರು, ಹೊಟ್ಟ್ಯಾಗ ಹಾಕ್ಯಳ್ರಿ" ಎಂದು ನನ್ನ ಕಾಲಿಗೆ ಬಗ್ಗಿದ. ಕಾಲಿಗೆ ಬಗ್ಗಿದವನ ಮೇಲೆ ಹೇಗೆ ಕೂಗಾಡಲಿ? ಒಂದು ಕಾಗದ ಬರೆದರು, ಸಹಿಗಳಾದವು, ಸ್ಟೀಲ್ ತಟ್ಟೆಯಲ್ಲಿ ಸಕ್ಕರೆ ಬಂತು. ನಮ್ಮಲ್ಲಿ ಸಕ್ಕರೆ ತಿಂದರೆ ಜಗಳ ಮುಗಿದ ಹಾಗೆ. ಶಶಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಗೆದ್ದವನ ಹಾಗೆ ಹೋಗಿ ಅವಳ ಬಾಯಿಗೂ ಒಂದು ಚಿಟಿಕೆ ಹಾಕಿದೆ.

ಭಾನುವಾರ ಸಂಜೆಯಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಉದ್ದವಿದ್ದ ಜಡೆಯನ್ನೂ ನಿಮ್ಮವ್ವನ ಕೈಯಿಂದ ಕತ್ತರಿಸಿಕೊಂಡಳು. ಬೆಳಿಗ್ಗೆ ನಾನೇ ರಸ್ತೆಯವರೆಗೆ ಹೋಗಿ ವ್ಯಾನ್ ಹತ್ತಿಸುತ್ತೇನೆ. ಆ ಇಬ್ಬರೂ ಒಳಗಿನಿಂದ "ನಮಸ್ಕಾರ ತಾತಾ" ಅನ್ನುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಒಳಗೆ ನಗು ಕೇಳುತ್ತದೆ. ನಾನು ಏನು ಮಾಡಲಿ ಹೇಳು? ಹೊಡೆಯಲೇ? ಅವೂ ಹೆಣ್ಣುಮಕ್ಕಳು. ಹುಲಿಗೇಶನಿಗೆ ಹೇಳಿದರೆ ಯಾರದಾದರೂ ತಲೆ ಒಡೆದು ಬರುತ್ತಾನೆ. ನಿನ್ನೆ ಬಳ್ಳಾರಿಗೆ ಹೋಗಿ ಶಿಕ್ಷಣ ಇಲಾಖೆಯ ಮೇಲಿನ ಆಫೀಸಿನಲ್ಲೂ ಕೇಳಿ ಬಂದೆ. ಕೆಲಸವಾಗಲಿಲ್ಲ.

ನೀನು ಹುಷಾರಾಗಿರು. ಗುಂಡು ಹಾರುವ ಕಡೆ ಮುಂದೆ ಮುಂದೆ ಹೋಗಬೇಡ. ನಿನ್ನ ಜೊತೆಯ ಹುಡುಗಿಯರಿಗೂ ಈ ಮುದುಕನ ಆಶೀರ್ವಾದ ತಿಳಿಸು.

ನಿನ್ನ ಅಪ್ಪ
ಜಂಬುನಾಥ

ತಾ.ಕ.: ಶನಿವಾರ ಸಾಲಿಯಲ್ಲಿ ಬರೆದ ಆ ಕಾಗದದ ಝೆರಾಕ್ಸ್ ನನ್ನ ಅಂಗಿ ಜೇಬಿನಲ್ಲಿತ್ತು. ಅವರ ತಪ್ಪೊಪ್ಪಿಗೆ ಎಂದು ಬಳ್ಳಾರಿಯ ಸಾಹೇಬರ ಮುಂದೆ ಹಿಡಿದೆ. ಅವರು ಗಟ್ಟಿಯಾಗಿ ಓದಿದರು. "ವಿದ್ಯಾರ್ಥಿನಿಯು ತಾನೇ ಕೂದಲು ಕತ್ತರಿಸಿಕೊಂಡಿದ್ದು, ತಪ್ಪು ತಿಳುವಳಿಕೆಯಿಂದ ದೂರು ನೀಡಿರುತ್ತೇವೆ" ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿ. ಶನಿವಾರ ಐದು ಜನ ನನ್ನ ಮುಖ ನೋಡುತ್ತಿದ್ದರು. ತುಟಿ ಅಲ್ಲಾಡಿಸದೆ ನನಗೆ ಓದಲು ಬರುವುದಿಲ್ಲ. ಓದಿದವನ ಹಾಗೆ ಮೇಲಿನಿಂದ ಕೆಳಗೆ ಕಣ್ಣು ಓಡಿಸಿ ಸಹಿ ಹಾಕಿದೆ. ಭಾನುವಾರ ಅಂಗಿ ಒಗೆಯಲು ತೆಗೆದುಕೊಂಡ ಶಶಿ ಅದನ್ನು ಓದಿದ್ದಳು. "ಓದೇ ಸಹಿ ಮಾಡಿದ್ಯೇನು ತಾತಾ?" ಎಂದು ಕೇಳಿದಳು. ಹೆಡ್‌ಮಾಸ್ತರ ಬರೆದಿದ್ದನ್ನು ನಾನು ಓದಲಾರೆನೇನು ಎಂದು ರೇಗಿ, ಹೂಂ ಅಂದೆ. ಅದೇ ಅವಳು ನನ್ನೊಡನೆ ಆಡಿದ ಕಡೆಯ ಮಾತು. ಈ ಕಾಗದ ಮುಟ್ಟಿದ ಮೇಲೆ ಬರುವ ಭಾನುವಾರ ನೀನೇ ಅವಳಿಗೆ ಹೇಳು, ತಾತ ಓದಿರಲಿಲ್ಲ ಎಂದು. ಫೋನನ್ನು ಅವಳ ಕೈಗೆ ಕೊಟ್ಟು ನಾನು ಹೊರಗೆ ಹೋಗಿರುತ್ತೇನೆ.