ಎಂಬತ್ತಕ್ಕೆ ತೆಗೆಯಬೇಕು

ಜೂನ್ 2, ಬೆಳಿಗ್ಗೆ

ಮತ್ತೆ ನೂರು. ಮಲಗುವ ಮುಂಚೆ ಎಂಬತ್ತಕ್ಕೆ ಚಾರ್ಜರ್ ಕಿತ್ತಿಟ್ಟವನು ನಾನೇ. ಎದ್ದು ನೋಡಿದರೆ ಲ್ಯಾಪ್‌ಟಾಪ್ ನೂರು ತುಂಬಿಸಿಕೊಂಡು ಬಿಸಿಯಾಗಿ ಕೂತಿದೆ. ಈ ಮನೆಯಲ್ಲಿ ದೆವ್ವ ಇಲ್ಲ. ಅಮ್ಮ ಇದ್ದಾಳೆ.

ಕೇಳಿದೆ. “ಅರ್ಧ ಹೊಟ್ಟೇಲಿ ಯಾರನ್ನಾದ್ರೂ ಮಲಗಿಸ್ತಾರೇನೋ?” ಎಂದಳು. ರಿಪೇರಿ ಅಂಗಡಿಯವನು ಹೇಳಿದ್ದನ್ನೇ ಇನ್ನೊಮ್ಮೆ ಒಪ್ಪಿಸಿದೆ — ಹಳೆ ಬ್ಯಾಟರಿ, ಇಪ್ಪತ್ತಕ್ಕಿಂತ ಕೆಳಗೆ ಇಳಿಸಬಾರದು, ಎಂಬತ್ತಕ್ಕಿಂತ ಮೇಲೆ ಏರಿಸಬಾರದು, ಬಿಸಿ ತಾಗಬಾರದು. ಹೊಸದು ಬರುವುದು ತಿಂಗಳ ಕೊನೆಗೆ. ಅಕ್ಕನ ವಿಚಾರಣೆ ಹದಿನಾರಕ್ಕೆ. ಅಲ್ಲಿಯವರೆಗೆ ಇದನ್ನು ಅಂಗೈಯಲ್ಲಿಟ್ಟು ಸಾಕಬೇಕು.

ಅಮ್ಮ ತಲೆಯಾಡಿಸಿದಳು. ಅವಳು ತಲೆಯಾಡಿಸಿದರೆ ನನಗೆ ಹೆದರಿಕೆ.

ಜೂನ್ 4

ಅಕ್ಕ ಗೋಡೌನಿನಿಂದ ಬಂದಳು. ಕೈ ತುಂಬ ರಟ್ಟಿನ ಧೂಳು.

ಜ್ವರದಲ್ಲಿ ಅವಳ ಕಿವಿ ಹೋಗಿ ಎರಡು ವರ್ಷವಾಯಿತು. ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಆಮೇಲೂ ಮೊದಲಿನ ಹಾಗೇ ಕೆಲಸ ಮಾಡಿದಳು. ಎದುರಿಗೆ ನಿಂತವರ ತುಟಿ ನೋಡಿ ಮಾತು ಹಿಡಿಯುತ್ತಾಳೆ. ಒಂದು ಮಾತ್ರೆ ಹೆಚ್ಚುಕಮ್ಮಿ ಆಗಿಲ್ಲ. ಹೊಸ ಮ್ಯಾನೇಜರ್ ಬಂದ. ಕಿವಿ ಕೇಳದವರು ಕೌಂಟರಿನಲ್ಲಿದ್ದರೆ ಅಪಾಯ ಎಂದ. ಗೋಡೌನಿಗೆ ಹಾಕಿ ಡಬ್ಬ ಎಣಿಸಲು ಹಚ್ಚಿದ. ಅವಳ ಬಿಳಿ ಕೋಟು ಈಗ ಅವನ ಬೀರುವಿನಲ್ಲಿದೆ. ವಾರಕ್ಕೊಮ್ಮೆ ಅದನ್ನು ಒಗೆದು ಇಸ್ತ್ರಿ ಮಾಡುವುದು ಅಮ್ಮನ ಕೆಲಸವಾಗಿತ್ತು. ಈಗ ಕೈ ಸುಮ್ಮನಿರದೆ ಒಗೆದ ಪರದೆಗಳನ್ನೇ ಒಗೆಯುತ್ತಾಳೆ.

ಕೌಂಟರ್ ವಾಪಸ್ ಕೊಡಿ ಎಂದು ಅಕ್ಕ ಆಸ್ಪತ್ರೆಯ ಸಮಿತಿಗೆ ದೂರು ಕೊಟ್ಟಳು. ಮೊದಲ ವಿಚಾರಣೆಯಲ್ಲೇ ಎಡವಟ್ಟಾಯಿತು. ಸಮಿತಿಯವರೆಲ್ಲ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರಂತೆ. ಹಿಂದಿನಿಂದ ಬೆಳಕು, ಮುಖಗಳೆಲ್ಲ ಕಪ್ಪು. ತುಟಿ ಕಾಣುವುದೆಲ್ಲಿ? ಯಾರೋ ಏನೋ ಕೇಳಿದರು. ಇವಳು ಮರ್ಯಾದೆಗೆ ಹೂಂ ಎಂದಳು. ನಿಮ್ಮಿಂದ ತಪ್ಪಾಗಬಹುದು ಅಂತ ಒಪ್ಪುತ್ತೀರಾ ಎನ್ನುವುದು ಪ್ರಶ್ನೆ. ಒಪ್ಪಿದ್ದಾರೆ ಎಂದು ಬರೆದುಕೊಂಡರು.

ಹದಿನಾರನೇ ತಾರೀಕಿನದೇ ಕೊನೆ. ಈ ಸಲ ನಾನು ಪಕ್ಕದಲ್ಲಿ ಕೂತು ಎಲ್ಲರ ಮಾತನ್ನೂ ಟೈಪ್ ಮಾಡಬಹುದಂತೆ, ಅಕ್ಕ ಲ್ಯಾಪ್‌ಟಾಪ್ ಪರದೆ ನೋಡಿ ಉತ್ತರ ಕೊಡಬಹುದಂತೆ. ಆದರೆ ಆ ಕೋಣೆಯಲ್ಲಿ ಪ್ಲಗ್ ಇರುವುದು ಒಂದೇ, ಕಿಟಕಿ ಗೋಡೆಯಲ್ಲಿ, ಅವರ ಬೆನ್ನ ಹಿಂದೆ. ನೆಲದ ಮೇಲೆ ವೈರ್ ಎಳೆಯುವ ಹಾಗಿಲ್ಲ. ಹಿಂದೆ ಯಾರೋ ಎಡವಿ ಬಿದ್ದಿದ್ದರಂತೆ. ಹಾಗಾಗಿ ಎಲ್ಲ ಈ ಬ್ಯಾಟರಿಯ ಮೇಲೆ.

ಜೂನ್ 7, ಸಂಜೆ

ಪ್ರಾಕ್ಟೀಸ್. ಅಮ್ಮ ಅಧ್ಯಕ್ಷೆ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, “ಹೇಳಮ್ಮ, ನೀನು ಯಾಕೆ ಸರಿಯಾಗಿ ಊಟ ಮಾಡಲ್ಲ?” ಎಂದು ವಿಚಾರಣೆ ಶುರು ಮಾಡಿದಳು. ಅದನ್ನೂ ಟೈಪ್ ಮಾಡಿದೆ. ಅಕ್ಕ ಓದಿ ನಕ್ಕಳು. ಬಹಳ ದಿನವಾಗಿತ್ತು ಅವಳು ನಕ್ಕು.

ಪರದೆಯ ಬೆಳಕು ತಗ್ಗಿಸಿ, ವೈಫೈ ಆಫ್ ಮಾಡಿ, ಬೇರೆಲ್ಲ ಮುಚ್ಚಿದರೆ ಒಂದೂವರೆ ಗಂಟೆ ಬರುತ್ತದೆ. ಸಾಕು. ಹೇಗೋ ಸಾಕು.

ಗೆಳೆಯನ ಲ್ಯಾಪ್‌ಟಾಪ್ ತಂದೂ ನೋಡಿದೆ. ಟೈಪಿಂಗ್ ನನ್ನ ಹೊಟ್ಟೆಪಾಡು, ವೇಗಕ್ಕೆಂದು ವರ್ಷಗಟ್ಟಲೆ ಕೂಡಿಸಿಟ್ಟ ಕಿರುಗುರುತುಗಳಿವೆ. ಎರಡಕ್ಷರ ಒತ್ತಿದರೆ ಪೂರ್ತಿ ಮಾತು ಮೂಡಬೇಕು. ಆ ಹಳೆಯ ಸಾಫ್ಟ್‌ವೇರ್ ಹೊಸ ಯಂತ್ರಕ್ಕೆ ಹತ್ತುವುದಿಲ್ಲ. ಅದಿಲ್ಲದೆ ಐದು ಜನರ ಮಾತಿನ ಹಿಂದೆ ಓಡಲು ನನ್ನ ಬೆರಳಿಗೆ ಆಗುವುದಿಲ್ಲ.

ಹಳೆ ಕಂಬಳಿ ಕತ್ತರಿಸಿ ಅಮ್ಮ ಲ್ಯಾಪ್‌ಟಾಪಿಗೆ ದಪ್ಪ ಚೀಲ ಹೊಲಿದಿದ್ದಾಳೆ. ಪೆಟ್ಟು ಬೀಳಬಾರದು, ಧೂಳು ತಾಗಬಾರದು ಎಂದು ನಾನೇ ಹೇಳಿದ್ದೆ. ಗುಂಡಿ ಬೇರೆ ಇಟ್ಟಿದ್ದಾಳೆ. ಚೆನ್ನಾಗಿದೆ ಎಂದೆ.

ಜೂನ್ 10

ಒಂದು ಗಂಟೆ ಹತ್ತು ನಿಮಿಷಕ್ಕೇ ಕೆಂಪು ದೀಪ. ಯಾಕೆ? ಮಲಗುವಾಗ ಚಾರ್ಜರನ್ನು ದಿಂಬಿನ ಕೆಳಗೇ ಇಟ್ಟುಕೊಳ್ಳುತ್ತೇನೆ. ಅಮ್ಮ ಮುಟ್ಟುವ ಮಾತೇ ಇಲ್ಲ. ಆದರೂ ಇಳಿಯುತ್ತಿದೆ...

ಅಕ್ಕನಿಗೆ ಹೇಳಲಿಲ್ಲ.

ಜೂನ್ 13, ಸಂಜೆ 6

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಆಫೀಸಿನಿಂದ ಬೇಗ ಬಂದೆ. ಕೋಣೆಯಲ್ಲಿ ಲ್ಯಾಪ್‌ಟಾಪ್ ಕಂಬಳಿ ಚೀಲದೊಳಗೆ, ಗುಂಡಿ ಹಾಕಿಸಿಕೊಂಡು ಮಲಗಿತ್ತು. ಸಂದಿಯಿಂದ ವೈರ್ ಹೊರಗೆ, ಗೋಡೆಯ ಪ್ಲಗ್ಗಿಗೆ. ಚೀಲದೊಳಗೆ ಕೈ ಹಾಕಿದರೆ ಸುಡುತ್ತಿತ್ತು. ವೈರ್ ಕಿತ್ತು, ಹೊರತೆಗೆದು ಮೇಜಿನ ಮೇಲಿಟ್ಟೆ. ನೆಟ್ಟಗೆ ಕೂರಲಿಲ್ಲ, ಅಲ್ಲಾಡಿತು. ಒಳಗಿನ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡಿದೆ.

ಅಮ್ಮ ಚಾರ್ಜಿಗೆ ಹಾಕುತ್ತಿದ್ದದ್ದು ಹಗಲು, ನಾನು ಆಫೀಸಿಗೆ ಹೋದ ಮೇಲೆ. ದಿನಾಲೂ.

ಕಿರುಚಿದೆ. ಏನೇನು ಅಂದೆನೋ. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. “ತಣ್ಣಗಿತ್ತು ಕಣೋ. ಬೆಚ್ಚಗಿದ್ರೆ ಚೆನ್ನಾಗಿ ತುಂಬಿಕೊಳ್ಳತ್ತೆ ಅಂದ್ಕೊಂಡೆ” ಎಂದಳು. ನಮ್ಮಿಬ್ಬರನ್ನೂ ಹೀಗೆಯೇ ಸಾಕಿದವಳು. ಹೊಟ್ಟೆ ತುಂಬ ತಿನ್ನಿಸಿ, ಬೆಚ್ಚಗೆ ಹೊದಿಸಿ. ಅವಳಿಗೆ ಬೇರೆ ವಿದ್ಯೆ ಗೊತ್ತಿಲ್ಲ. ಇದು ಹೊಳೆಯುವಷ್ಟರಲ್ಲಿ ನನ್ನ ಬಾಯಿ ಆಗಲೇ ಆಡಬಾರದ್ದೆಲ್ಲ ಆಡಿಯಾಗಿತ್ತು.

ಅಕ್ಕ ಬಂದಳು. ನಮ್ಮ ಮುಖ ನೋಡಿದಳು. ಉಬ್ಬಿದ್ದನ್ನೂ ನೋಡಿದಳು. ಹೋಗಿ ಅಮ್ಮನ ಪಕ್ಕದಲ್ಲಿ ಕೂತಳು.

ಜೂನ್ 14

ಅಂಗಡಿಯವನು ನೋಡಿದವನೇ ಒಂದು ಹೆಜ್ಜೆ ಹಿಂದೆ ಸರಿದ. ಇದನ್ನು ಇನ್ನು ಬಳಸಿದರೆ ಬೆಂಕಿ ಹತ್ತಬಹುದು ಎಂದು ಬ್ಯಾಟರಿ ತೆಗೆದು ಬೇರೆ ಇಟ್ಟ. ಈಗ ವೈರ್ ಇದ್ದರೆ ಮಾತ್ರ ಜೀವ. ವೈರ್ ಕಿತ್ತ ಕ್ಷಣ ಸಾವು.

ಸಮಿತಿಯ ಗುಮಾಸ್ತರಿಗೆ ಫೋನ್ ಮಾಡಿದೆ. ವೈರ್ ಎಳೆಯಲು ಬಿಡಿ ಎಂದು ಅಂಗಲಾಚಿದೆ. ಆಗಲ್ಲ ಎಂದರು. ತಾರೀಕು ಮುಂದೆ ಹಾಕಿ ಎಂದೆ. ಅದೂ ಆಗಲ್ಲ.

ಅಮ್ಮ ಊಟ ಬಿಟ್ಟಿದ್ದಾಳೆ. ಕೇಳಿದರೆ ಹಸಿವಿಲ್ಲವಂತೆ.

ಜೂನ್ 16, ಮಧ್ಯಾಹ್ನ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಉದ್ದ ಮೇಜು. ಆ ಕಡೆ ಮ್ಯಾನೇಜರ್ ಸೇರಿ ಐದು ಜನ, ಕಿಟಕಿಗೆ ಬೆನ್ನು. ಈ ಕಡೆ ನಮಗೆ ಎರಡು ಕುರ್ಚಿ. ಪ್ಲಗ್ ಅಧ್ಯಕ್ಷರ ಹಿಂದೆ. ನನ್ನ ತೊಡೆಯ ಮೇಲೆ ಸತ್ತ ಲ್ಯಾಪ್‌ಟಾಪ್. ಶುರು ಮಾಡೋಣವೇ ಎಂದರು.

ಅಕ್ಕ ಎದ್ದಳು. ತನ್ನ ಕುರ್ಚಿಯನ್ನು ಎತ್ತಿಕೊಂಡು ಮೇಜು ಸುತ್ತಿ ಹೋಗಿ, ಅವರ ಹಿಂದೆ, ಕಿಟಕಿಯ ಕೆಳಗೆ, ಪ್ಲಗ್ಗಿನ ಪಕ್ಕದಲ್ಲಿ ಇಟ್ಟು ಕೂತಳು. ನನಗೂ ಬಾ ಎಂದು ಸನ್ನೆ. ಹೋದೆ. ವೈರ್ ಒಂದು ಗೇಣೂ ನೆಲಕ್ಕೆ ತಾಗಲಿಲ್ಲ.

“ಇಲ್ಲಿ ಯಾರೂ ಎಡವಲ್ಲ ಸರ್. ನೀವು ಸ್ವಲ್ಪ ಈ ಕಡೆ ತಿರುಗಿ ಕೂತರೆ ಆಯ್ತು” ಎಂದಳು.

ಅಧ್ಯಕ್ಷರು ಹಿಂತಿರುಗಿ ಕಿಟಕಿ ನೋಡಿದರು, ಅವಳನ್ನು ನೋಡಿದರು. ಆಮೇಲೆ ಕುರ್ಚಿ ತಿರುಗಿಸಿದರು. ಉಳಿದವರೂ ತಿರುಗಿದರು. ಕಿಟಕಿಯ ಬೆಳಕೆಲ್ಲ ಈಗ ಅವರ ಮುಖದ ಮೇಲೆ. ಐದು ಬಾಯಿಯೂ ಸ್ಪಷ್ಟ. ಅವಳು ಪ್ಲಗ್ಗಿನ ನೆಪ ಮಾಡಿದ್ದು ಯಾಕೆಂದು ನನಗೆ ಆಗ ಅರ್ಥವಾಯಿತು.

ಟೈಪ್ ಮಾಡಿದೆ, ಬೆರಳು ಹರಿದುಹೋಗುವಷ್ಟು. ಅರ್ಧದಷ್ಟನ್ನು ಅವಳು ಓದಲೇ ಇಲ್ಲ. ನಾನು ವಾಕ್ಯ ಮುಗಿಸುವ ಮುಂಚೆಯೇ ಉತ್ತರ ಕೊಡುತ್ತಿದ್ದಳು.

ಕೊನೆಗೆ ಮ್ಯಾನೇಜರ್ ಅಧ್ಯಕ್ಷರ ಕಡೆ ಬಾಗಿ ಏನೋ ಪಿಸುಗುಟ್ಟಿದ. ಪಕ್ಕದಲ್ಲೇ ಇದ್ದ ನನಗೂ ಕೇಳಿಸಲಿಲ್ಲ, ಟೈಪ್ ಮಾಡಲು ಏನೂ ಇರಲಿಲ್ಲ. ಅಕ್ಕ ಅವನನ್ನೇ ನೋಡುತ್ತಿದ್ದಳು.

“ಗೋಡೌನೇ ಸರಿ, ಅಲ್ಲಿ ಡಬ್ಬಗಳು ಮಾತಾಡಲ್ಲ ಅಂದ್ರಲ್ಲ ಸರ್. ಕೌಂಟರಿಗೆ ಬರೋರು ಮಾತಾಡ್ತಾರೆ. ಅವರ ಮುಖ ನೋಡೇ ನಾನು ಔಷಧ ಕೊಡೋದು.”

ಮ್ಯಾನೇಜರ್ ಜೇಬಿನ ಪೆನ್ನು ತೆಗೆದ. ಮತ್ತೆ ಇಟ್ಟ. ಹೀಗೇ ಅಂದಿರಾ ಎಂದು ಅಧ್ಯಕ್ಷರು ಅವನನ್ನು ಕೇಳಿದರು. ಅವನು ತಲೆ ತಗ್ಗಿಸಿದ. ತೀರ್ಮಾನ ತಿಳಿಸುತ್ತೇವೆ ಎಂದು ಎದ್ದರು.

ಹೊರಗೆ ಬಂದೆವು. ಅಕ್ಕ ಮೆಟ್ಟಿಲ ಮೇಲೆ ಕೂತಳು. ಅಮ್ಮನಿಗೆ ಹೇಳು, ಊಟ ಮಾಡಲಿ ಎಂದಳು. ಅಷ್ಟೇ.

ಜೂನ್ 21

ಸುದ್ದಿ ಇಲ್ಲ. ಅಕ್ಕ ಗೋಡೌನಿಗೆ ಹೋಗುತ್ತಾಳೆ, ಬರುತ್ತಾಳೆ. ಅಮ್ಮನ ಕ್ಷಮೆ ಕೇಳಿದೆ. ಕೇಳಿಸದವಳ ಹಾಗೆ ಪಾತ್ರೆ ತೊಳೆಯುತ್ತಲೇ ಇದ್ದಳು. ಆಮೇಲೆ ನನ್ನ ತಟ್ಟೆಗೆ ಬೇಡವೆಂದರೂ ಎರಡು ಸಲ ಬಡಿಸಿದಳು. ಕ್ಷಮಿಸಿದ್ದಾಳೆ ಅಂತ ಕಾಣುತ್ತದೆ.

ಜೂನ್ 28, ಸಂಜೆ

ಹೊಸ ಬ್ಯಾಟರಿ ಬಂತು. ಹಾಕಿಸಿಕೊಂಡು ಬಂದೆ. ಈಗ ಚಾರ್ಜ್ ಆಗುತ್ತಿದೆ, ಬರಿಯ ಮೇಜಿನ ಮೇಲೆ, ಹೊದಿಕೆ ಇಲ್ಲದೆ. ಅಮ್ಮ ಎದುರಿಗೆ ಸ್ಟೂಲ್ ಹಾಕಿಕೊಂಡು ಕಾವಲು ಕೂತಿದ್ದಾಳೆ. ಎಂಬತ್ತಾದ ತಕ್ಷಣ ತಾನೇ ಕೀಳುತ್ತಾಳಂತೆ. ನಾನು ಹತ್ತಿರ ಹೋದರೆ ಕೈ ಅಡ್ಡ ಹಿಡಿಯುತ್ತಾಳೆ.

ಎಪ್ಪತ್ತೆರಡು.

ಗೇಟಿನ ಸದ್ದು. ಅಕ್ಕ. ಇವತ್ತು ತಡ...

ಕೈಯಲ್ಲಿ ಏನೋ ಬಿಳಿಯದು. ಮುದ್ದೆಯಾಗಿದೆ. ಮ್ಯಾನೇಜರನ ಬೀರುವಿನಲ್ಲಿ ಬಿದ್ದು ಮುಗ್ಗಲು ವಾಸನೆಯಂತೆ. ಅಮ್ಮನ ಮಡಿಲಿಗೆ ಹಾಕಿ, “ನಾಳೆ ಬೆಳಿಗ್ಗೆಗೆ ಒಣಗತ್ತಾ?” ಎಂದು ಕೇಳಿದಳು.

ಅಮ್ಮ ಅದನ್ನು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಎದ್ದು ನಲ್ಲಿಯ ಕಡೆ ಹೋದಳು. ಅಕ್ಕನೂ ಹಿಂದೆಯೇ. ಬಕೆಟ್ಟಿಗೆ ನೀರು ಬೀಳುತ್ತಿದೆ. ಸ್ಟೂಲ್ ಖಾಲಿ. ಬ್ಯಾಟರಿ ನೋಡುವವರು ಯಾರೂ ಇಲ್ಲ, ಎಂಬತ್ತು ಯಾವಾಗಲೋ ದಾಟಿ —